‘ಎರಡು ದಿನ ಬಿಟ್ರೆ ಮರೀತಾವೆ’ ಎಂಬ ಸುಳ್ಳು

“ಮಕ್ಕಳಿಗೆ ಏನು ಗೊತ್ತಾಗತ್ತೆ? ಎರಡು ದಿನ ಬಿಟ್ರೆ ಮರೀತಾವೆ. ನೀವು ಆ ವಿಷಯ ಎತ್ತಬೇಡಿ, ಅಷ್ಟೆ.”

ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರು ಮತ್ತು ಸುತ್ತಮುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಬಸವೇಶ್ವರನಗರದಲ್ಲಿ ಅಪ್ಪ ಅಮ್ಮಂದಿರು ಆಫೀಸು, ಅಡುಗೆ ಎಲ್ಲ ಬಿಟ್ಟು ಶಾಲೆಯ ಗೇಟಿಗೆ ಓಡಿದರು. ಶ್ವಾನದಳ ಬಂತು, ತರಗತಿ ತರಗತಿ ಜಾಲಾಡಿದರು, ಏನೂ ಸಿಗಲಿಲ್ಲ. 2025ರ ಜುಲೈ 18ರಂದು ಕೆಂಗೇರಿ, ರಾಜರಾಜೇಶ್ವರಿನಗರದ ಶಾಲೆಗಳೂ ಸೇರಿ ಸುಮಾರು 40 ಕಡೆ ಮತ್ತೆ ಅದೇ ಕಥೆ. ಎರಡು ಸಲವೂ ಸಂಜೆಯ ಹೊತ್ತಿಗೆ ದೊಡ್ಡವರ ಎದೆಬಡಿತ ಹದಕ್ಕೆ ಬಂತು. ಮಕ್ಕಳದೂ ಹಾಗೇ ಹದಕ್ಕೆ ಬಂದಿದೆ ಎಂದು ದೊಡ್ಡವರೇ ತೀರ್ಮಾನ ಮಾಡಿಬಿಟ್ಟರು.

ವಿಜಯನಗರದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಹುಡುಗನೊಬ್ಬನಿದ್ದಾನೆ. ಮೊದಲ ಬೆದರಿಕೆ ಬಂದಾಗ ಎರಡನೇ ತರಗತಿ, ಎರಡನೆಯದು ಬಂದಾಗ ನಾಲ್ಕು. ಒಂದು ಸಂಜೆ ಗುಣಾಕಾರ ಮಾಡುತ್ತಿದ್ದವನು ಪೆನ್ಸಿಲ್ ಕೆಳಗಿಟ್ಟು, “ಮಿಸ್, ನಾಳೆ ಶುಕ್ರವಾರ ಅಲ್ವಾ?” ಅಂದ. ಹೌದಪ್ಪ, ಏಕೆ ಎಂದೆ. “ಬಾಂಬ್ ಬರೋದು ಶುಕ್ರವಾರ.” ಆಮೇಲೆ ಕ್ಯಾಲೆಂಡರ್ ತೆಗೆದು ನೋಡಿದೆ. ಎರಡೂ ದಿನ ಶುಕ್ರವಾರವೇ! ನಮ್ಮಲ್ಲಿ ಒಬ್ಬ ದೊಡ್ಡವರೂ ಗಮನಿಸದ್ದನ್ನು ಆ ಮಗು ಲೆಕ್ಕ ಹಾಕಿಟ್ಟಿತ್ತು. ಅವರಮ್ಮನಿಗೆ ಹೇಳಿದರೆ, “ಅವನಿಗೆ ಅದೆಲ್ಲ ಮರ್ತೇ ಹೋಗಿದೆ ಮಿಸ್, ಮನೇಲಿ ಮಾತೇ ಆಡಲ್ಲ” ಅಂದರು. ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಹಾಗಾಗಿ ಅವನೂ ಮಾತಾಡುವುದಿಲ್ಲ. ಇದನ್ನು ಮರೆವು ಎಂದು ಕರೆದರೆ ಹೇಗೆ?

ಶಾಲೆಯ ಮೇಲೆ ನಿಜವಾಗಿ ಗುಂಡು ಹಾರಿದ ಊರುಗಳಲ್ಲಿ ವೈದ್ಯರು ಮಕ್ಕಳ ಪಕ್ಕ ಕೂತು ಕೇಳಿದ್ದಾರೆ, ಬರೆದಿಟ್ಟಿದ್ದಾರೆ. 1984ರ ಫೆಬ್ರುವರಿ 24ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಬ್ಬಾತ ಶಾಲೆಯೊಂದರ ಎದುರಿನ ಮನೆಯಿಂದ ಅದರ ಆಟದ ಮೈದಾನದ ಮೇಲೆ ಗುಂಡು ಹಾರಿಸಿದ. ಸುಮಾರು ಒಂದು ತಿಂಗಳ ನಂತರ ಮನೋವೈದ್ಯ ರಾಬರ್ಟ್ ಪೈನೂಸ್ ತಂಡ 159 ಮಕ್ಕಳನ್ನು ಮಾತಾಡಿಸಿತು. ಮೈದಾನದಲ್ಲಿದ್ದ ಮಕ್ಕಳಿಗೆ ಪೆಟ್ಟು ಜಾಸ್ತಿ, ದೂರವಿದ್ದವರಿಗೆ ಕಡಿಮೆ. ಆದರೆ ಆ ಗುಂಡಿಗೆ ಸತ್ತ ಮಗುವಿನ ಗೆಳೆತನವಿದ್ದವರಿಗೆ ದೂರ ಎಂಬುದೇ ಇರಲಿಲ್ಲ. ವರ್ಷ ಕಳೆದು ಮತ್ತೆ ಕೇಳಿದಾಗಲೂ ಮೈದಾನದ ಮಕ್ಕಳಲ್ಲಿ ಹಲವರು ನರಳುತ್ತಲೇ ಇದ್ದರು. ಅಂದು ಶಾಲೆಗೇ ಬಾರದಿದ್ದ ಕೆಲವು ಮಕ್ಕಳು ತಾವೂ ಹತ್ತಿರವೇ ಇದ್ದ ಹಾಗೆ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೇಳಿದ್ದು ಒಳಗಿಳಿದು ಕಂಡದ್ದೇ ಆಗಿಬಿಟ್ಟಿತ್ತು.

“ಅಲ್ಲಿ ಸಾವಾಯಿತು, ನಮ್ಮಲ್ಲಿ ಏನೂ ಆಗಲಿಲ್ಲವಲ್ಲ” ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಚೌಚಿಲಾ ಊರಿನ ಕಥೆ ಹೇಳಬೇಕು. 1976ರ ಜುಲೈನಲ್ಲಿ ಶಾಲಾ ಬಸ್ಸಿನಲ್ಲಿದ್ದ 26 ಮಕ್ಕಳನ್ನು, ಡ್ರೈವರನ್ನು ಅಪಹರಿಸಿ, ನೆಲದೊಳಗೆ ಹೂತಿಟ್ಟ ಲಾರಿಯೊಂದರಲ್ಲಿ ಕೂಡಿಹಾಕಿದರು. ಅವರೇ ದಾರಿ ಮಾಡಿಕೊಂಡು ಹೊರಬಂದರು. ಒಂದು ಜೀವವೂ ಹೋಗಲಿಲ್ಲ. ಊರು ನಿಟ್ಟುಸಿರುಬಿಟ್ಟಿತು. ನಾಲ್ಕು ವರ್ಷದ ಮೇಲೆ ಮನೋವೈದ್ಯೆ ಲೆನೋರ್ ಟೆರ್ ಆ ಮಕ್ಕಳನ್ನು ಕಂಡಾಗ, ನೋಡಿದ ಪ್ರತಿ ಮಗುವಿನಲ್ಲೂ ಅದರ ಗುರುತು ಉಳಿದಿತ್ತು. ಹಗಲು ನಗುತ್ತಿದ್ದ ಮಕ್ಕಳು ರಾತ್ರಿ ಬೆಚ್ಚುತ್ತಿದ್ದರು, ಆಟದಲ್ಲಿ ಅಪಹರಣವನ್ನೇ ಮತ್ತೆ ಮತ್ತೆ ಆಡುತ್ತಿದ್ದರು. ಅನಾಹುತಕ್ಕೆ ಮೊದಲು ಯಾವ ಶಕುನ ಕಂಡಿತ್ತು ಎಂದೂ ಹುಡುಕುತ್ತಿದ್ದರು: ಆ ಶಕುನ ಗೊತ್ತಿದ್ದರೆ ಮುಂದಿನ ಸಲ ತಪ್ಪಿಸಿಕೊಳ್ಳಬಹುದು ಎಂಬ ಆಸೆ. ನಮ್ಮ ಹುಡುಗನ ಶುಕ್ರವಾರ ಅದೇ ಶಕುನ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1981ರ ಫೆಬ್ರುವರಿ 7ರಂದು ಇದೇ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಮಡಿದವರ ಬಂಧುಗಳ ದುಃಖವನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿದರು. ದುರಂತದ ನಂತರದ ಮನಸ್ಸನ್ನು ತಿಳಿಯಲು ಈ ದೇಶದಲ್ಲಿ ನಡೆದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಹಾಗೆ ಕೇಳಿಸಿಕೊಂಡ ಊರಿನಲ್ಲಿ ಕೂತು ‘ಆ ವಿಷಯ ಎತ್ತಬೇಡಿ’ ಎನ್ನುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ವಿಷಯ ಎತ್ತದಿದ್ದರೆ ಅದು ಮೈಯಲ್ಲಿ ಏಳುತ್ತದೆ. ಬೆಳಿಗ್ಗೆ ಶೂ ಹಾಕುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು. ದೀಪಾವಳಿ ಪಟಾಕಿಗೆ ಕುಣಿಯುತ್ತಿದ್ದ ಮಗು ಕಿವಿ ಮುಚ್ಚಿಕೊಂಡು ಅಡುಗೆಮನೆ ಸೇರುವುದು. ಅಮ್ಮ ಸ್ನಾನಕ್ಕೆ ಹೋದರೂ ಬಾಗಿಲ ಹೊರಗೇ ಕೂರುವುದು. ಇದಕ್ಕೆ ನಾವಿಡುವ ಹೆಸರು ‘ನಾಟಕ’, ‘ಹಟ’, ‘ಸ್ಕೂಲಿಗೆ ಚಕ್ಕರ್ ಹೊಡೆಯೋ ಬುದ್ಧಿ’. ದೃಷ್ಟಿ ತೆಗೆದು, ಮಂತ್ರಿಸಿದ ದಾರ ಕಟ್ಟಿ, “ಇನ್ನು ಹೆದರಬಾರದು” ಎಂದು ಆಜ್ಞೆಯನ್ನೂ ಮಾಡುತ್ತೇವೆ. ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ದೃಷ್ಟಿ ತೆಗೆದರೆ ಆ ಮಡಿಲಿನಿಂದ ಮಗುವಿಗೆ ಸಮಾಧಾನವಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ದಾರ ಕಟ್ಟಿದ್ದಾಯಿತು, ಇನ್ನು ಕೇಳಬೇಕಾಗಿಲ್ಲ ಎಂದುಕೊಳ್ಳುವುದು ತಪ್ಪು.

ಹಾಗಂತ ಮಗುವನ್ನು ಕೂರಿಸಿಕೊಂಡು “ಏನಾಯ್ತು, ಎಲ್ಲಾ ಹೇಳು” ಎಂದು ಕೆದಕುವುದೂ ಅಷ್ಟೇ ತಪ್ಪು. ಒಂದೇ ಸಲ ಕೂರಿಸಿ ನಡೆದದ್ದನ್ನೆಲ್ಲ ಬಲವಂತವಾಗಿ ಹೇಳಿಸುವ ವಿಧಾನ ಒಂದು ಕಾಲಕ್ಕೆ ಆಸ್ಪತ್ರೆಗಳಲ್ಲೇ ಇತ್ತು. ಅದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಗೊತ್ತಾಗಿ, ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಬೇಡ ಎನ್ನುತ್ತದೆ. ಮಾಡಬೇಕಾದ್ದು ಸಣ್ಣ ಕೆಲಸ. ಮಗುವಿಗೆ ಏನು ಗೊತ್ತಿದೆ ಎಂದು ಮೊದಲು ಕೇಳಿ. ನಿಜವನ್ನು ನಾಲ್ಕು ವಾಕ್ಯದಲ್ಲಿ ಹೇಳಿ. ಮಲಗುವ ಹೊತ್ತು, ಊಟದ ಹೊತ್ತು ಕದಲಿಸಬೇಡಿ. ಮಗು ಮಾತಿಗೆ ಬಂದರೆ ಫೋನ್ ಕೆಳಗಿಡಿ. ಬಾರದಿದ್ದರೆ ಬಿಡಿ, ನಾಳೆ ಬರುತ್ತದೆ. ತಿಂಗಳು ದಾಟಿದರೂ ನಿದ್ದೆ, ಊಟ, ಶಾಲೆ ಹಳಿಗೆ ಬಾರದಿದ್ದರೆ ವೈದ್ಯರನ್ನು ಕಾಣಿ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು.

‘ಶಾಲೆಯಲ್ಲಿ ಗುಂಡು ಹಾರಿಸುವುದು ಅಮೆರಿಕದ ರೋಗ, ನಮ್ಮಲ್ಲಿಲ್ಲ.’ 2015ರ ಮಾರ್ಚ್ 31ರ ರಾತ್ರಿ ಇದೇ ಊರಿನ ಕಾಡುಗೋಡಿಯ ವಸತಿ ಕಾಲೇಜೊಂದರಲ್ಲಿ ಅಲ್ಲಿನ ಸಿಬ್ಬಂದಿಯೇ ಪಿಯುಸಿ ಹುಡುಗಿಯೊಬ್ಬಳನ್ನು ಗುಂಡಿಟ್ಟು ಕೊಂದ, ಇನ್ನೊಬ್ಬಳು ಗಾಯಗೊಂಡಳು. ಅಪರೂಪ ಎನ್ನಿ, ಒಪ್ಪುತ್ತೇನೆ. ಇಲ್ಲವೇ ಇಲ್ಲ ಎಂದರೆ ಆ ಮನೆಯವರಿಗೆ ಮಾಡುವ ಅನ್ಯಾಯ.

‘ಹುಸಿ ಬೆದರಿಕೆ ಕಳಿಸುವವರು ಎಲ್ಲೋ ಕೂತ ಭಯೋತ್ಪಾದಕರು.’ 2023ರ ಜನವರಿಯಲ್ಲಿ ಬಸವೇಶ್ವರನಗರದ ಶಾಲೆಯೊಂದಕ್ಕೆ ಬಂದ ಇ-ಮೇಲ್ ಕಳಿಸಿದ್ದು ಒಬ್ಬ ಶಾಲಾ ಬಾಲಕ ಎಂದು ಪೊಲೀಸರು ಪತ್ತೆ ಹಚ್ಚಿದರು.

‘ಇಂಥದ್ದನ್ನು ಮಾಡುವವನು ಹುಚ್ಚನೇ ಇರಬೇಕು.’ ಮಾನಸಿಕ ಕಾಯಿಲೆಯಿರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದಿಲ್ಲ.

‘ಶಾಲೆ ಬದಲಾಯಿಸಿದರೆ ಸರಿಹೋಗತ್ತೆ.’ ಗುಂಡಿನ ದಾಳಿಗೆ 20 ಮಕ್ಕಳು, 6 ಮಂದಿ ದೊಡ್ಡವರು ಸತ್ತ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಕಟ್ಟಡ ಬದಲಾಯಿಸಿದರು ನಿಜ, ಆದರೆ ಅದೇ ಗೆಳೆಯರನ್ನು, ಅದೇ ಮೇಜುಗಳನ್ನು ಪಕ್ಕದ ಊರಿಗೆ ಒಯ್ದು ಮೂರು ವಾರದೊಳಗೆ ಪಾಠ ಶುರುಮಾಡಿದರು.

‘ನಿಮ್ಹಾನ್ಸ್‌ಗೆ ಕರ್ಕೊಂಡ್ ಹೋದ್ರೆ ಹುಚ್ಚು ಅಂತಾರೆ.’ ಕಾಲು ಮುರಿದರೆ ಮೂಳೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ? ಮೊದಲು ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ ಇದೆ: 14416, ಉಚಿತ, ಕನ್ನಡದಲ್ಲೇ.

‘ಎಚ್ಚರವಿರಲಿ ಎಂದು ವಿಡಿಯೊ ಹಂಚುತ್ತೇವೆ.’ 1995ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ನಡೆದ ಬಾಂಬ್ ಸ್ಫೋಟದ ನಂತರ, ಸ್ಥಳದಲ್ಲಿ ಇಲ್ಲದ, ಯಾರನ್ನೂ ಕಳೆದುಕೊಳ್ಳದ ಮಕ್ಕಳಲ್ಲೂ ಟಿವಿ ಹೆಚ್ಚು ನೋಡಿದವರಿಗೆ ತೊಂದರೆ ಹೆಚ್ಚಿತ್ತು.

ಈ ಹಂಚುವ ಚಟದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಸ್ಯಾಂಡಿ ಹುಕ್ ಹತ್ಯಾಕಾಂಡ ನಡೆದೇ ಇಲ್ಲ, ಅಳುತ್ತಿರುವ ಅಪ್ಪ ಅಮ್ಮಂದಿರು ನಟರು ಎಂದು ಅಲೆಕ್ಸ್ ಜೋನ್ಸ್ ಎಂಬಾತ ವರ್ಷಗಟ್ಟಲೆ ಪ್ರಚಾರ ಮಾಡಿದ. ಲಕ್ಷಾಂತರ ಜನ ಕೇಳಿದರು. ನಂಬಿದವರು ಮಕ್ಕಳನ್ನು ಮಣ್ಣು ಮಾಡಿ ಬಂದವರಿಗೆ ಬೆದರಿಕೆ ಹಾಕಿದರು. 2022ರಲ್ಲಿ ಅಲ್ಲಿನ ಜ್ಯೂರಿ 96.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಆ ಹಣದಿಂದ ಒಂದು ದಿನದ ನೋವೂ ಅಳಿಯುವುದಿಲ್ಲ. ನಮ್ಮಲ್ಲೂ ಬೆದರಿಕೆ ಬಂದ ದಿನ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ‘ಇನ್ನೊಂದು ಶಾಲೆಯಲ್ಲಿ ಬಾಂಬ್ ಸಿಕ್ತಂತೆ’ ಎಂದು ಬಂತು. ಯಾರು ಬರೆದರು, ಯಾರು ಕಂಡರು ಎಂದು ಕೇಳದೆ ನೂರಾರು ಜನ ಮುಂದಕ್ಕೆ ಕಳಿಸಿದರು.

ನನಗೆ ಅರ್ಥವಾಗದ್ದು ಇದು. ಮುಖ ಗೊತ್ತಿಲ್ಲದವನ ಒಂದು ಸಾಲನ್ನು ಕಣ್ಣು ಮುಚ್ಚಿ ನಂಬುತ್ತೇವೆ. ಎದುರಿಗೆ ನಿಂತು ಹೊಟ್ಟೆ ಹಿಡಿದುಕೊಂಡ ನಮ್ಮದೇ ಮಗುವಿನ ಮಾತಿಗೆ ಮಾತ್ರ ಸಾಕ್ಷಿ ಕೇಳುತ್ತೇವೆ.

ಆ ಹುಡುಗನೂ ನಾನೂ ಒಂದು ಕೆಲಸ ಮಾಡಿದೆವು. ಹಳೆಯ ಕ್ಯಾಲೆಂಡರ್ ಇಟ್ಟುಕೊಂಡು, ಎರಡು ಬೆದರಿಕೆಗಳ ನಡುವೆ ಎಷ್ಟು ಶುಕ್ರವಾರ ಬಂದುಹೋದವು ಎಂದು ಎಣಿಸಿದೆವು. 84! ಒಂದೊಂದನ್ನೂ ಅವನೇ ಪೆನ್ಸಿಲಿನಲ್ಲಿ ಸುತ್ತಿದ. “ಇಷ್ಟು ಸಲ ಏನೂ ಆಗಿಲ್ವಾ ಮಿಸ್?” ಎಂದು ಕೇಳಿದ. ಅವನ ಭಯ ಅವತ್ತೇ ಹೋಯಿತು ಎಂದು ಹೇಳುವುದಿಲ್ಲ. ಮುಂದಿನ ವಾರ ಅದರ ಬಗ್ಗೆ ಅವನೇ ಅಮ್ಮನ ಹತ್ತಿರ ಮಾತು ತೆಗೆದ. ಈ ಸಲ ಅವರು ಕೇಳಿಸಿಕೊಂಡರು.