ಪರದೇಶದ ರೈಲು ಚೀಟಿ

ಪರದೇಶ ಪ್ರಯಾಣವೆಂಬುದು ಹಿಂದೆ ರಾಜಕಾರ್ಯಕ್ಕೋ ವಿದ್ಯಾರ್ಜನೆಗೋ ಹೊರಟ ಕೆಲವೇ ಮಂದಿಯ ಭಾಗ್ಯವಾಗಿದ್ದಿತು. ಈಗ ಹಾಗಲ್ಲ. ಅಮೃತಹಳ್ಳಿಯ ಪಕ್ಕದಲ್ಲಿ ಹಾದುಹೋಗುವ ಬಳ್ಳಾರಿ ರಸ್ತೆಯೇ ಇದಕ್ಕೆ ಸಾಕ್ಷಿ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ, ಮಗನನ್ನೋ ಮಗಳನ್ನೋ ನೋಡಲು ಜರ್ಮನಿಗೆ, ಇಂಗ್ಲೆಂಡಿಗೆ, ಜಪಾನಿಗೆ ಹೊರಟ ತಂದೆತಾಯಿಗಳ ಮೋಟಾರುಗಳು ಆ ರಸ್ತೆಯಲ್ಲಿ ಹಗಲಿರುಳೂ ಓಡುತ್ತಿವೆ. ಅಂಥವರು ಅಲ್ಲಿ ಇಳಿದ ಮೇಲೆ ಊರಿಂದೂರಿಗೆ ಹೋಗಲು ಬಹುಮಟ್ಟಿಗೆ ನೆಚ್ಚುವುದು ರೈಲನ್ನೇ. ಆದುದರಿಂದ ಅಲ್ಲಿ ಟಿಕೆಟ್ಟು ಕೊಳ್ಳುವುದು ಹೇಗೆ, ಅದನ್ನು ಹಿಡಿದು ಪ್ರಯಾಣಮಾಡುವುದು ಹೇಗೆ ಎಂಬುದನ್ನು ಈ ದಿನ ನಾವು ಶ್ರೋತೃಗಳೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ರೈಲು ನಮಗೆ ಹೊಸದಲ್ಲ. ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿನ ಸ್ಟೇಷನ್ನಿಗೆ ಬಂಡಿ ಬಂದದ್ದು 1864ರಲ್ಲಿ. ಅಮೃತಹಳ್ಳಿಯವರಿಗಂತೂ ಬಳ್ಳಾರಿ ರಸ್ತೆಯನ್ನು ದಾಟಿದರೆ ಕೊಡಿಗೇಹಳ್ಳಿಯ ನಿಲ್ದಾಣ. ಬಡಗಲಿಗೆ ಯಲಹಂಕ, ತೆಂಕಲಿಗೆ ಯಶವಂತಪುರ. ಇಷ್ಟು ರೂಢಿಯಿದ್ದವರಿಗೆ ರೈಲಿನ ವಿಷಯದಲ್ಲಿ ಹೊಸದಾಗಿ ಹೇಳತಕ್ಕದ್ದೇನಿದೆ ಎಂದು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ತೊಂದರೆಯೆಲ್ಲ ಹುಟ್ಟುವುದು ಆ ರೂಢಿಯಿಂದಲೇ. ಅರಿಯದವನು ಕೇಳಿ ತಿಳಿಯುತ್ತಾನೆ; ಅರಿತೆನೆಂದುಕೊಂಡವನು ಕೇಳುವುದಿಲ್ಲ.

ನಮ್ಮ ದೂರಪ್ರಯಾಣದ ರಿಸರ್ವೇಷನ್ ಟಿಕೆಟ್ಟನ್ನು ನೋಡೋಣ. ಇಂಥ ಗಾಡಿ, ಇಂಥ ದಿನ, ಇಂಥ ಬೋಗಿ, ಇಂಥ ಬರ್ತು, ಇಂಥ ಹೆಸರಿನವರು, ಇಷ್ಟು ಹಣ ಎಂದು ಎಲ್ಲವೂ ಒಂದೇ ಚೀಟಿಯಲ್ಲಿ ಅಡಕವಾಗಿರುವುದು. ಹಣ ಕೊಟ್ಟೆವು, ಸ್ಥಳ ಖಚಿತವಾಯಿತು, ಇನ್ನು ಹೋಗಿ ಕುಳಿತರೆ ಸಾಕು ಎಂಬುದು ನಮಗೆ ಅಭ್ಯಾಸವಾದ ಭಾವನೆ. ಪರದೇಶಗಳಲ್ಲಿ ಅನೇಕ ಕಡೆ ಈ ಒಂದೇ ಚೀಟಿಯ ಅರ್ಥವು ಮೂರಾಗಿ ಒಡೆದಿರುತ್ತದೆ. ಪ್ರಯಾಣದ ಹಕ್ಕು ಒಂದು. ಕುಳಿತುಕೊಳ್ಳುವ ಸ್ಥಳ ಇನ್ನೊಂದು. ಆ ಹಕ್ಕು ಯಾವ ಹೊತ್ತಿನಲ್ಲಿ, ಯಾವ ಗಾಡಿಯಲ್ಲಿ ಸಲ್ಲುತ್ತದೆಂಬ ನಿಬಂಧನೆ ಮತ್ತೊಂದು. ಯಾತ್ರಾಸ್ಥಳದ ಛತ್ರದಲ್ಲಿ ಊಟದ ಚೀಟಿ ಬೇರೆ, ಕೊಠಡಿಯ ಚೀಟಿ ಬೇರೆ ಇರುವಂತೆ ಇದು. ಈ ಮೂರನ್ನು ಬೇರೆಬೇರೆಯಾಗಿ ಗ್ರಹಿಸಿದವನಿಗೆ ಯಾವ ದೇಶದ ರೈಲೂ ಕಷ್ಟವಲ್ಲ.

ಮೊದಲನೆಯದಾಗಿ ಹಕ್ಕು ಮತ್ತು ಸ್ಥಳಗಳ ಭೇದ. ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಬಳಕೆಗೆ ಬಂದ ಹೊಸ ಟರ್ಮಿನಲ್ಲಿಗೆ ಯಾರ ಹೆಸರನ್ನಿಟ್ಟಿದೆಯೋ ಆ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ನೋಡಿಬಂದವರು. ಆ ದೇಶವು 1964ರ ಅಕ್ಟೋಬರ್ 1ರಂದು ಟೋಕಿಯೋ-ಒಸಾಕಾ ನಡುವೆ ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲನ್ನು ಓಡಿಸಿತು. ಅಲ್ಲಿ ದೂರಕ್ಕೆ ತೆರುವ ಮೂಲದರದ ಚೀಟಿಯೊಂದು, ವೇಗದ ಗಾಡಿಗೆ ತೆರುವ ಹೆಚ್ಚುವರಿ ಚೀಟಿಯೊಂದು. ಅನೇಕ ವೇಳೆ ಎರಡನ್ನೂ ಒಟ್ಟಿಗೆ ಗೇಟಿನ ಯಂತ್ರದೊಳಕ್ಕೆ ಹಾಕಬೇಕಾಗುವುದು. ಯಂತ್ರವು ಆಚೆಯ ಕಡೆ ಹೊರಕ್ಕೆ ಕೊಟ್ಟುದನ್ನು ಮರೆಯದೆ ತೆಗೆದುಕೊಳ್ಳಬೇಕು. ಇಳಿಯುವ ಊರಿನ ಗೇಟಿನಲ್ಲಿ ಮತ್ತೆ ಅದು ಬೇಕು. ಸಾಮಾನಿನ ವಿಷಯದಲ್ಲೂ ಒಂದು ಮಾತುಂಟು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳು ಕೂಡಿ 160 ಸೆಂಟಿಮೀಟರನ್ನು ಮೀರಿದರೆ, 2020ರ ಮೇ ತಿಂಗಳಿನಿಂದ ಆ ಮಾರ್ಗದಲ್ಲಿ ಪೆಟ್ಟಿಗೆಗೂ ಸ್ಥಳ ಕಾದಿರಿಸಬೇಕು. ಉಪ್ಪಿನಕಾಯಿ, ಚಟ್ನಿಪುಡಿಗಳ ಸಮೇತ ದೊಡ್ಡ ಪೆಟ್ಟಿಗೆ ಹೊತ್ತು ಹೋಗುವ ನಮ್ಮವರು ಇದನ್ನು ಮುಂಚಿತವಾಗಿ ಅಳೆದುಕೊಳ್ಳುವುದು ಮೇಲು.

ಯೂರೋಪಿನಲ್ಲಿಯೂ ಈ ಭೇದವುಂಟು. ಯೂರೋಪಿನ ಹೊರಗಿನವರಿಗಾಗಿ 1959ರಲ್ಲಿ ಯೂರೇಲ್ ಎಂಬ ಪಾಸು ಪ್ರಾರಂಭವಾಯಿತು. ಇಂದು ಅದು 33 ದೇಶಗಳಲ್ಲಿ ಸಲ್ಲುತ್ತದೆ. ಪಾಸು ಇದೆಯೆಂದು ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳ ಅತಿವೇಗದ ಗಾಡಿಗಳಿಗೆ ನೇರವಾಗಿ ಹತ್ತುವಂತಿಲ್ಲ. ಆಸನಕ್ಕೆ ಬೇರೆ ಹಣ ತೆತ್ತು ಸ್ಥಳ ಗೊತ್ತುಮಾಡಿಕೊಂಡಿರಬೇಕು. ಜರ್ಮನಿಯಲ್ಲಾದರೋ ಸಾಮಾನ್ಯವಾಗಿ ಅಂಥ ಕಡ್ಡಾಯವಿಲ್ಲ. ಟಿಕೆಟ್ಟು ಇದ್ದವರು ಹತ್ತಬಹುದು. ಸ್ಥಳವಿದ್ದರೆ ಕೂರಬಹುದು, ಇಲ್ಲದಿದ್ದರೆ ನಿಲ್ಲಬೇಕು. ವಯಸ್ಸಾದವರು ಅಲ್ಪ ಹಣದ ಆಸೆಗೆ ಆಸನದ ಚೀಟಿಯನ್ನು ಬಿಡಬಾರದೆಂದು ನಮ್ಮ ಸಲಹೆ.

ಎರಡನೆಯದು, ಚೀಟಿಗೆ ಜೀವ ಬರುವ ಹೊತ್ತು. ಇಟಲಿಯಲ್ಲಿ ಪ್ರಾದೇಶಿಕ ಗಾಡಿಗಳ ಕಾಗದದ ಟಿಕೆಟ್ಟನ್ನು ಕೊಂಡರೆ ಸಾಲದು. ಹತ್ತುವ ಮೊದಲು ನಿಲ್ದಾಣದ ಚಿಕ್ಕ ಯಂತ್ರದಲ್ಲಿಟ್ಟು ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ಟನ್ನು ಪ್ರಯಾಣಕ್ಕೆ ಸಲ್ಲದುದೆಂದು ಎಣಿಸಿ ದಂಡ ಹಾಕುತ್ತಾರೆ. ಕೈಫೋನಿನಲ್ಲಿರುವ ಯೂರೇಲ್ ಪಾಸಿನಲ್ಲಿಯೂ, ಹತ್ತುವ ಮುನ್ನ ಆ ದಿನದ ಗಾಡಿಯನ್ನು ಪಾಸಿಗೆ ಸೇರಿಸಿ ಚಾಲನೆಗೊಳಿಸಬೇಕು. ಹಣ ಕೊಟ್ಟವನಿಗೂ ದಂಡವೇ ಎಂದು ನಮ್ಮವರು ಕುಪಿತರಾಗುವುದುಂಟು. ಅದರ ನ್ಯಾಯ ಸರಳವಾಗಿದೆ: ಆ ಟಿಕೆಟ್ಟಿಗೆ ಗೊತ್ತಾದ ಗಾಡಿಯಿಲ್ಲ, ಆಸನವಿಲ್ಲ, ಮುದ್ರೆ ಬೀಳದಿದ್ದರೆ ಅದನ್ನೇ ಮತ್ತೊಂದು ಗಾಡಿಯಲ್ಲಿಯೂ ಬಳಸಬಹುದು.

ನಮ್ಮಲ್ಲಿ ಪ್ಲಾಟ್‌ಫಾರಮ್ಮಿಗೆ ಹೋಗುವುದಕ್ಕೇ ಟಿಕೆಟ್ಟು ಬೇಕು. ಜರ್ಮನಿಯ ರೈಲು ನಿಲ್ದಾಣಗಳಲ್ಲಿ ಗೇಟೂ ಇಲ್ಲ, ತಡೆಯುವವರೂ ಇಲ್ಲ. ಯಾರೂ ಕೇಳಲಿಲ್ಲವೆಂಬುದರಿಂದ ಎಲ್ಲವೂ ಸರಿಯಾಗಿದೆಯೆಂದು ತಿಳಿಯಬಾರದು. ಪರೀಕ್ಷಕರು ಗಾಡಿಯೊಳಗೆ ಬರುವರು; ಟಿಕೆಟ್ಟಿಲ್ಲದೆ ಊರೊಳಗಿನ ಗಾಡಿಯಲ್ಲಿ ಸಿಕ್ಕಿದವರು ತೆರಬೇಕಾದದ್ದು 60 ಯೂರೋ. ಭಾಷೆ ತಿಳಿಯಲಿಲ್ಲವೆಂಬ ಉತ್ತರ ಅಲ್ಲಿ ನಡೆಯುವುದು ಕಷ್ಟ.

ಮೂರನೆಯದು ಗಾಡಿಯ ಕಟ್ಟು. ಇಂಗ್ಲೆಂಡಿನಲ್ಲಿ ಅಡ್ವಾನ್ಸ್ ಎಂಬ ಅಗ್ಗದ ಟಿಕೆಟ್ಟು ಅದರಲ್ಲಿ ನಮೂದಾದ ಗಾಡಿಗೆ ಮಾತ್ರ ಸಲ್ಲುತ್ತದೆ. ಆಫ್-ಪೀಕ್ ಎಂಬುದು ಕಚೇರಿಗಳಿಗೆ ಜನ ಹೋಗುವ ಬೆಳಗಿನ ಗದ್ದಲದ ಹೊತ್ತಿಗೆ ಸಲ್ಲುವುದಿಲ್ಲ. ಎನಿಟೈಮ್ ಎಂಬುದಕ್ಕೆ ಬೆಲೆ ಹೆಚ್ಚು, ಕಟ್ಟು ಕಡಿಮೆ. ಜರ್ಮನಿಯ ಅಗ್ಗದ ಟಿಕೆಟ್ಟುಗಳೂ ಹೀಗೆಯೇ ಗೊತ್ತಾದ ಗಾಡಿಗೆ ಕಟ್ಟುಬಿದ್ದವು. ಆದರೆ ಮೊದಲ ಗಾಡಿ ತಡವಾದ ಕಾರಣದಿಂದ ಮುಂದಿನದು ತಪ್ಪಿದರೆ ಆ ಕಟ್ಟು ಸಡಿಲುತ್ತದೆ. ನಾವು ಕಾಫಿ ಕುಡಿಯುತ್ತ ಕುಳಿತು ತಪ್ಪಿಸಿಕೊಂಡರೆ ಸಡಿಲುವುದಿಲ್ಲ. ತಡದ ವಿಷಯದಲ್ಲಿ ಪ್ರಯಾಣಿಕನಿಗೆ ಹಕ್ಕೂ ಉಂಟು. ಯೂರೋಪು ಒಕ್ಕೂಟದ ನಿಯಮದಂತೆ, ಗಮ್ಯಸ್ಥಾನವನ್ನು 60ರಿಂದ 119 ನಿಮಿಷ ತಡವಾಗಿ ಮುಟ್ಟಿದರೆ ದರದ ನೂರಕ್ಕೆ 25 ಭಾಗ, 120 ನಿಮಿಷ ಅಥವಾ ಹೆಚ್ಚಾದರೆ 50 ಭಾಗ ಪರಿಹಾರವನ್ನು ಕೇಳಬಹುದು. ಪ್ರಕೃತಿಯ ವಿಕೋಪದಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ಆದಕಾರಣ ಇಳಿದೊಡನೆ ಟಿಕೆಟ್ಟನ್ನು ಬಿಸಾಡಬಾರದು.

ಇನ್ನು ಚೀಟಿಯನ್ನು ಹಿಡಿದ ಮನುಷ್ಯನು ಯಾರೆಂಬ ಪ್ರಶ್ನೆ. ಯೂರೇಲ್ ಪಾಸು ಹೊರಗಿನ ನಿವಾಸಿಗಳಿಗೆ. ಯೂರೋಪಿನಲ್ಲೇ ನೆಲೆಸಿರುವವರಿಗೆ 1972ರಲ್ಲಿ ಹುಟ್ಟಿದ ಇಂಟರ್‌ರೇಲ್ ಪಾಸು. ಇಲ್ಲಿ ನಿರ್ಣಯಿಸುವುದು ಜನ್ಮಭೂಮಿಯಲ್ಲ, ವಾಸಸ್ಥಳ. ಅಮೃತಹಳ್ಳಿಯಿಂದ ಹೋದ ತಂದೆತಾಯಿಗಳು ಯೂರೇಲನ್ನೂ, ಮ್ಯೂನಿಕ್ಕಿನಲ್ಲಿ ಉದ್ಯೋಗದಲ್ಲಿರುವ ಮಗಳು ಇಂಟರ್‌ರೇಲನ್ನೂ ಕೊಳ್ಳಬೇಕು. ಮಗಳ ಪಾಸಿಗೆ ಅವಳು ವಾಸಿಸುವ ಜರ್ಮನಿಯೊಳಗೆ ಮಿತಿಯೂ ಉಂಟು. ಒಂದೇ ಸಂಸಾರ, ಒಂದೇ ಗಾಡಿ, ಎರಡು ಬಗೆಯ ಪಾಸು! ಜಪಾನಿನ ರೈಲು ಪಾಸೂ ಅಲ್ಪಕಾಲದ ಸಂದರ್ಶಕರೆಂದು ಒಳಬಂದ ವಿದೇಶೀಯರಿಗಾಗಿಯೇ ಇರತಕ್ಕದ್ದು. ಅದರ ಏಳು ದಿನದ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್ನಿನಿಂದ 50,000 ಯೆನ್ನಿಗೆ ಏರಿತು. ಟೋಕಿಯೋದಿಂದ ಕ್ಯೋಟೋವಿಗೆ ಹೋಗಿಬರಲು ಬಿಡಿ ಟಿಕೆಟ್ಟಿಗೆ ಸುಮಾರು 28,000 ಯೆನ್ ಆಗುವುದರಿಂದ, ಅಷ್ಟೇ ಪ್ರಯಾಣಕ್ಕೆ ಪಾಸು ನಷ್ಟ. ಪಾಸೆಂದರೆ ಯಾವಾಗಲೂ ಉಳಿತಾಯವೆಂಬ ಹಳೆಯ ನಂಬಿಕೆಯನ್ನು ಲೆಕ್ಕಹಾಕಿ ನೋಡಿಯೇ ಒಪ್ಪಬೇಕು.

ಹೆಸರಿನ ತೊಡಕು ನಮ್ಮವರಿಗೆ ವಿಶೇಷವಾದದ್ದು. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ಲಾಗಿ ಮುಂದಿಟ್ಟು ಒಂದೇ ಹೆಸರಿನಿಂದ ಬಾಳುವವರು ನಾವು. ಅಲ್ಲಿಯ ಅರ್ಜಿಗಳು ಮೊದಲ ಹೆಸರು, ಮನೆತನದ ಹೆಸರು ಎಂದು ಎರಡನ್ನು ಕೇಳುತ್ತವೆ. ಊಹೆಯಿಂದ ತುಂಬದೆ, ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳನ್ನೇ ಇದ್ದಂತೆ ಬರೆಯುವುದು ಕ್ಷೇಮ. ಹಣ ಪಾವತಿಯಲ್ಲಿಯೂ ಒಂದು ಎಚ್ಚರಿಕೆ: ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಬ್ಯಾಂಕಿನ ಕಾರ್ಡುಗಳು ಕೈಗೆ ಬರುವಾಗ ಸ್ವದೇಶದ ಬಳಕೆಗೆ ಮಾತ್ರ ತೆರೆದಿರುತ್ತವೆ, ಪರದೇಶದ ಬಳಕೆಯನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ಲಂಡನ್ನಿನಿಂದ ಪ್ಯಾರಿಸ್ಸಿಗೆ 1994ರಿಂದ ಸಮುದ್ರದಡಿಯ ಸುರಂಗದಲ್ಲಿ ಹೋಗುವ ಯೂರೋಸ್ಟಾರ್ ಗಾಡಿಗಂತೂ ಟಿಕೆಟ್ಟಿನ ಜೊತೆಗೆ ವೀಸಾ ಬೇಕು. ಗಡಿಯ ತನಿಖೆಯೆಲ್ಲವೂ ಲಂಡನ್ನಿನ ನಿಲ್ದಾಣದಲ್ಲಿಯೇ ಮುಗಿಯುವುದರಿಂದ ವಿಮಾನಕ್ಕೆ ಹೋಗುವಂತೆ ಮೊದಲೇ ಹೋಗಬೇಕು.

ಇಷ್ಟನ್ನು ಕೇಳಿ ಪರದೇಶದವರ ಪದ್ಧತಿಯೇ ವಕ್ರವೆಂದು ಯಾರಾದರೂ ಭಾವಿಸಬಹುದು. ಹಾಗಿದ್ದರೆ ಯಶವಂತಪುರದಲ್ಲಿ ಇಳಿದ ಜರ್ಮನ್ ಪ್ರವಾಸಿಯ ಕಣ್ಣಿನಿಂದ ನಮ್ಮದನ್ನು ನೋಡೋಣ. ಹಣವನ್ನು ತೆಗೆದುಕೊಂಡ ಮೇಲೂ ಸ್ಥಳವುಂಟೆಂದು ಹೇಳದ ವೆಯಿಟಿಂಗ್ ಲಿಸ್ಟು ಅವನಿಗೆ ಒಗಟು. ಒಂದೇ ಬರ್ತಿನಲ್ಲಿ ಇಬ್ಬರನ್ನು ಕೂರಿಸುವ ಆರ್.ಎ.ಸಿ. ಇನ್ನೂ ದೊಡ್ಡ ಒಗಟು. 2024ರ ನವೆಂಬರ್ 1ರಿಂದ ನಮಗೆ ಮುಂಗಡ ಕಾದಿರಿಸುವ ಅವಧಿ 120 ದಿನಗಳಿಂದ 60ಕ್ಕೆ ಇಳಿಯಿತು. ಆಗಲೂ ವಿದೇಶೀ ಪ್ರವಾಸಿಗೆ 365 ದಿನಗಳ ಅವಕಾಶವನ್ನು ಹಾಗೆಯೇ ಉಳಿಸಿದರು. ಅತಿಥಿಗೆ ಮಾಡಿದ ಈ ಮರ್ಯಾದೆಯನ್ನು ಯಾರೂ ಹೇಳದಿದ್ದರೆ ಅವನಿಗೆ ತಿಳಿಯುವುದಾದರೂ ಹೇಗೆ? ಪ್ರತಿಯೊಂದು ದೇಶದ ರೈಲೂ ಅಲ್ಲಿಯ ಜನದ ಸಂಖ್ಯೆ, ಅವಸರ, ಪರಸ್ಪರ ನಂಬಿಕೆಗಳಿಗೆ ತಕ್ಕಂತೆ ತನ್ನ ನಿಯಮವನ್ನು ಕಟ್ಟಿಕೊಂಡಿದೆ. ಗೇಟಿಲ್ಲದ ನಿಲ್ದಾಣದ ಹಿಂದೆ ನಂಬಿಕೆಯೂ ಇದೆ, ಕಠಿನವಾದ ದಂಡವೂ ಇದೆ. ನಮ್ಮ ವೆಯಿಟಿಂಗ್ ಲಿಸ್ಟಿನ ಹಿಂದೆ ಆಸನಕ್ಕಿಂತ ಹೆಚ್ಚಿದ ಜನವೂ ಇದ್ದಾರೆ, ಕೊನೆಯ ಗಳಿಗೆಯ ಆಸೆಯೂ ಇದೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಪರದೇಶಕ್ಕೆ ಹೊರಟವರು ಮೊದಲು ಓದತಕ್ಕ ಕೋಶವೆಂದರೆ ಟಿಕೆಟ್ಟಿನ ಸಣ್ಣ ಅಕ್ಷರಗಳು. ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಇದರಿಂದ ಹೋಗುವ ಹಕ್ಕು ಬಂದಿತೇ? ಕೂರುವ ಸ್ಥಳ ಬಂದಿತೇ? ಯಾವ ಗಾಡಿಗೆ, ಯಾವ ಹೊತ್ತಿನಿಂದ, ಯಾವ ಮುದ್ರೆಯಿಂದ ಇದು ಸಲ್ಲುತ್ತದೆ? ಮಕ್ಕಳು ಎಲ್ಲವನ್ನೂ ನೋಡಿಕೊಳ್ಳುತ್ತಾರೆಂದು ಬಿಡದೆ, ತಂದೆತಾಯಿಗಳೂ ಈ ಮೂರನ್ನು ತಾವೇ ತಿಳಿದಿದ್ದರೆ, ಅಪರಿಚಿತರ ನಡುವೆ ಪರೀಕ್ಷಕನ ಮುಂದೆ ತಲೆತಗ್ಗಿಸಿ ನಿಲ್ಲುವ ಪ್ರಸಂಗ ಬಾರದು. ಹಣ ಉಳಿಯುವುದು ಒಂದು ಲಾಭ. ಮಾನ ಉಳಿಯುವುದು ಅದಕ್ಕಿಂತ ದೊಡ್ಡದು. ಆಗ ಕಿಟಕಿಯ ಹೊರಗಿನ ಬೆಟ್ಟ, ಹೊಲ, ಊರುಗಳನ್ನು ನಿಶ್ಚಿಂತೆಯಿಂದ ನೋಡಬಹುದು. ಅಷ್ಟು ದೂರ ಹೋದದ್ದು ಅದಕ್ಕಾಗಿಯೇ ಅಲ್ಲವೇ?