ಟರ್ಮಿನಲ್ ಎಡಿಟರೂ ಚಿತ್ರಾತ್ಮಕ ಎಡಿಟರೂ

ಪ್ರೋಗ್ರಾಂ ಬರೆಯುವುದಕ್ಕೆ ಯಾವ ಎಡಿಟರನ್ನು ಬಳಸಬೇಕೆಂಬ ಪ್ರಶ್ನೆ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಪ್ರತಿವರ್ಷವೂ ಏಳುತ್ತದೆ. ಕೀಲಿಮಣೆಯಿಂದಲೇ ನಡೆಯುವ ವಿಮ್, ನ್ಯಾನೋ ಮುಂತಾದ ಟರ್ಮಿನಲ್ ಎಡಿಟರುಗಳದು ಒಂದು ಪಕ್ಷ. ಮೌಸಿನಿಂದಲೂ ನಡೆಯುವ ವಿಷುಯಲ್ ಸ್ಟುಡಿಯೋ ಕೋಡ್ ಮುಂತಾದ ಚಿತ್ರಾತ್ಮಕ ಎಡಿಟರುಗಳದು ಇನ್ನೊಂದು. ವಾದಿಗಳು ಬಹುಮಟ್ಟಿಗೆ ತಮ್ಮ ಅಭ್ಯಾಸವನ್ನೇ ಸಿದ್ಧಾಂತವೆಂದು ಮಂಡಿಸುತ್ತಾರೆ. ಇವು ಯಾವ ಅಗತ್ಯದಿಂದ ಹುಟ್ಟಿದವೆಂಬುದನ್ನು ಅರಿತರೆ ಆಯ್ಕೆ ಸುಲಭವಾದೀತು.

ವಿಮ್ 1991ರಲ್ಲಿ ಪ್ರಕಟವಾಯಿತು. ಅದರ ಪೂರ್ವಜವಾದ ವಿಐಯನ್ನು 1976ರ ಸುಮಾರಿನಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ರಚಿಸಿದರು. ಅವರು ಬಳಸುತ್ತಿದ್ದ ಟರ್ಮಿನಲ್ಲಿನಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದವು. ಇಂದಿಗೂ ವಿಮ್ ಬಳಸುವವರ ಬೆರಳುಗಳು ಅಲ್ಲಿಯೇ ಓಡಾಡುವುದು ಈ ಕಾರಣದಿಂದ. ಇದಕ್ಕಿಂತ ಮುಖ್ಯವಾದುದು ತಂತಿಯ ವೇಗ. ಜಾಯ್ ಗಣನೆಗೆ ತೆಗೆದುಕೊಂಡ ಮೋಡೆಮ್ಮಿನ ವೇಗ 300 ಬಾಡ್, ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಸಾಲಿಗೆ 80ರಂತೆ 24 ಸಾಲಿನ ತೆರೆಯಲ್ಲಿ 1920 ಅಕ್ಷರಗಳು. ಅದು ಒಮ್ಮೆ ತುಂಬಲು ಒಂದು ನಿಮಿಷಕ್ಕೂ ಮಿಕ್ಕಿ ಕಾಲ ಬೇಕು! ಇಂಥಲ್ಲಿ ಡಿ ಕೀಲಿಯನ್ನು ಎರಡು ಸಲ ಒತ್ತಿ ಸಾಲನ್ನಳಿಸುವ ಮಿತವ್ಯಯವು ಅಲಂಕಾರವಾಗಿರಲಿಲ್ಲ, ಅನಿವಾರ್ಯವಾಗಿತ್ತು.

ಆಜ್ಞೆಯ ಅವಸ್ಥೆ ಬೇರೆ, ಬರವಣಿಗೆಯ ಅವಸ್ಥೆ ಬೇರೆ ಎಂಬ ವಿಭಾಗವು ಟರ್ಮಿನಲ್ಲಿನದೇ ದೋಷವೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. 1974ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದಲ್ಲಿ ಸಿದ್ಧವಾದ ಬ್ರಾವೋ ಎಡಿಟರಿಗೆ ಮೌಸೂ ಇತ್ತು, ಅವಸ್ಥಾಭೇದವೂ ಇತ್ತು. ಅದರಲ್ಲಿ ಮೈಮರೆತು ‘ಎಡಿಟ್’ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರಗಳನ್ನು ಒತ್ತಿದರೆ, ಮೊದಲನೆಯದು ಸಮಸ್ತವನ್ನೂ ಆರಿಸುತ್ತಿತ್ತು, ಎರಡನೆಯದು ಅಳಿಸುತ್ತಿತ್ತು, ಮೂರನೆಯದು ಬರವಣಿಗೆಗೆ ಅಣಿಮಾಡುತ್ತಿತ್ತು, ಕಡೆಗೆ ಉಳಿಯುತ್ತಿದ್ದುದು ‘ಟಿ’ ಒಂದೇ.

ತಂತಿಗಳೀಗ ವೇಗವಾಗಿವೆ. ಆದರೂ ದೂರದ ಸರ್ವರನ್ನು ಪ್ರವೇಶಿಸಿ ಒಂದು ಸಾಲನ್ನು ತಿದ್ದುವಾಗ ವಿಐ ಜಾತಿಯ ಎಡಿಟರೇ ಸಾಮಾನ್ಯವಾಗಿ ಕೈಗೆ ಸಿಕ್ಕುವುದು. ವಿಷುಯಲ್ ಸ್ಟುಡಿಯೋ ಕೋಡ್ ಸಹ 2019ರಿಂದ ದೂರದ ಕಡತಗಳನ್ನು ತೆರೆಯಬಲ್ಲದು. ಅದಕ್ಕೆ ಆ ಯಂತ್ರದಲ್ಲಿ ಸಹಾಯಕ ಪ್ರೋಗ್ರಾಮೊಂದು ನೆಲೆಸಬೇಕು, ಸಣ್ಣ ಯಂತ್ರಕ್ಕೆ ಅದೂ ಹೊರೆಯೇ. ಆದ್ದರಿಂದ ವಿದ್ಯಾರ್ಥಿಗಳೆಲ್ಲರೂ ವಿಐಯಲ್ಲಿ ಕಡತವನ್ನು ತೆರೆದು, ತಿದ್ದಿ, ಉಳಿಸಿ, ಹೊರಬರುವಷ್ಟನ್ನಾದರೂ ಕಲಿಯತಕ್ಕದ್ದು. ಹೊರಬರುವುದೇ ಕಷ್ಟವೆಂಬುದು ಅನುಭವಿಗಳ ಮಾತು.

ಕನ್ನಡ ಪಠ್ಯವನ್ನು ಸಂಸ್ಕರಿಸುವ ಪ್ರೋಗ್ರಾಮುಗಳಲ್ಲಾದರೋ ನಮ್ಮ ಅಭಿಪ್ರಾಯ ಚಿತ್ರಾತ್ಮಕ ಎಡಿಟರಿನ ಪರವಾಗಿದೆ. ಟರ್ಮಿನಲ್ ತೆರೆಯನ್ನು ಸಮಾನವಾದ ಮನೆಗಳಾಗಿ ವಿಭಾಗಿಸುತ್ತದೆ. ರೋಮನ್ ಲಿಪಿಗೆ ಅದು ಒಪ್ಪುತ್ತದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ; ಯೂನಿಕೋಡಿನಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈಕಾರದ ಗುರುತು ಹೀಗೆ ಆರು ಸಂಕೇತಗಳು. ಇದಕ್ಕೆ ಎಷ್ಟು ಮನೆ ಕೊಡಬೇಕೆಂಬುದರಲ್ಲಿ ಎಡಿಟರಿಗೂ ಟರ್ಮಿನಲ್ಲಿಗೂ ಲೆಕ್ಕ ತಪ್ಪಿದರೆ ಒತ್ತಕ್ಷರ ಚದರುತ್ತದೆ, ಕರ್ಸರ್ ಒಂದೆಡೆ ಕಂಡು ತಿದ್ದುಪಡಿ ಇನ್ನೊಂದೆಡೆ ಬೀಳುತ್ತದೆ. ನಿಘಂಟಿನ ಕಡತದಲ್ಲಿ ಹೀಗೆ ಒಂದು ವಿರಾಮ ಅಳಿದುಹೋದರೆ ಪದವೇ ಬೇರೆಯಾಗುವುದು. ಮುಂದೆ ಅದನ್ನು ಆಧರಿಸಿದ ಎಣಿಕೆಯೂ ಕೆಡುವುದು. ಅಂಥ ಕಡತವನ್ನು ಟರ್ಮಿನಲ್ಲಿನಲ್ಲಿಯೇ ತಿದ್ದಬೇಕಾಗಿ ಬಂದಾಗ, ಕರ್ಸರನ್ನು ನಂಬಿ ಅಳಿಸುವುದಕ್ಕಿಂತ ಹುಡುಕಿ ಬದಲಿಸುವ ಆಜ್ಞೆಯನ್ನು ಕೊಡುವುದು ಕ್ಷೇಮ. ಆ ಆಜ್ಞೆಯು ತೆರೆಯ ಮೇಲಿನ ರೂಪವನ್ನು ಬಿಟ್ಟು ಕಡತದೊಳಗಿನ ಸಂಕೇತಗಳನ್ನೇ ನೋಡುತ್ತದೆ.