ಹತ್ತನೆಯ ತರಗತಿಯ ತರುವಾಯದ ಕೈಕಸುಬಿನ ವಿದ್ಯೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಬಾಲಿಕೆಯರಲ್ಲಿ ಕೆಲವರ ವಿದ್ಯೆಯು ಅಲ್ಲಿಗೇ ನಿಂತುಹೋಗುವುದನ್ನು ನಾವು ವ್ಯಸನದಿಂದ ಕಾಣುತ್ತೇವೆ. ಯಂತ್ರದ ಕೆಲಸವು ಹೆಣ್ಣಿಗೆ ತಕ್ಕುದಲ್ಲವೆಂಬ ಭಾವನೆ, ದೂರದ ದಾರಿ, ದ್ರವ್ಯಾಭಾವ, ಈ ಮೂರೂ ಅದಕ್ಕೆ ಮುಖ್ಯ ಕಾರಣಗಳಾಗಿವೆ.

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿರುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಡೆನ್ಮಾರ್ಕ್ ದೇಶದ ಸಹಾಯದಿಂದ 1972ರಲ್ಲಿ ಸ್ಥಾಪಿತವಾಯಿತು. ಹತ್ತನೆಯ ತರಗತಿ ಮುಗಿಸಿದ ಬಾಲಕರಂತೆ ಬಾಲಿಕೆಯರಿಗೂ ಅಲ್ಲಿ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾ ತರಗತಿಗೆ ಪ್ರವೇಶವುಂಟು. ಮೂರು ವರ್ಷ ಪಾಠವೂ ಕಾರ್ಯಾಗಾರವೂ, ಬಳಿಕ ಒಂದು ವರ್ಷ ಕಾರ್ಖಾನೆಯ ಅಭ್ಯಾಸವೂ ನಡೆಯುತ್ತವೆ. ಸೀಸೆಯ ಮುಚ್ಚಳಗಳು ಸಾವಿರಗಟ್ಟಲೆ ಒಂದೇ ಅಳತೆಯಲ್ಲಿ ಬರಬೇಕಾದರೆ ಅವುಗಳ ಉಕ್ಕಿನ ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಸಲ್ಲದು. ಆದಕಾರಣ ಈ ಕಸುಬಿಗೆ ತೋಳಬಲಕ್ಕಿಂತ ಗಣಿತಜ್ಞಾನವೂ ನಕ್ಷೆ ಓದುವ ಕಣ್ಣೂ ತಾಳ್ಮೆಯೂ ಅವಶ್ಯವಾಗಿವೆ. ಇವು ನಮ್ಮ ಬಾಲಿಕೆಯರಲ್ಲಿ ಇಲ್ಲವೆಂದು ಯಾರು ಹೇಳಿಯಾರು?

ಇನ್ನು ದಾರಿಯ ವಿಚಾರ. ಕೆಂಗೇರಿ, ವಿಜಯನಗರಗಳಿಂದ ಬರುವವರಿಗೆ ಅನುಕೂಲವಾಗುವಂತೆ, 2023ರ ಜೂನ್ ತಿಂಗಳಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಸ್ತ್ರೀಯರಿಗೆ ಪ್ರಯಾಣವು ಉಚಿತವಾಗಿದೆ. ಸಂಪಾದಿಸುತ್ತಲೇ ಕಲಿಯಬೇಕಾದವರು ಕಾರ್ಖಾನೆಗಳಲ್ಲಿ ಶಿಶಿಕ್ಷುಗಳಾಗಿ ಸೇರಬಹುದು. 1961ರ ಶಿಶಿಕ್ಷು ಕಾಯಿದೆಯಂತೆ ಅವರಿಗೆ ಪ್ರತಿ ತಿಂಗಳೂ ವಿದ್ಯಾವೇತನವು ಸಲ್ಲತಕ್ಕದ್ದು.

ಮಾತಾಪಿತೃಗಳೇ, ಮಗಳ ವಿವಾಹದ ಮಾತೆತ್ತುವ ಮುನ್ನ ಆಕೆಯನ್ನು ಒಮ್ಮೆ ಆ ಕೇಂದ್ರಕ್ಕೆ ಕರೆದೊಯ್ದು ತೋರಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕಸುಬು ಕಲಿತವರು ಬಂದು ಕಿರಿಯ ತಂಗಿಯರಿಗೆ ದಾರಿ ತಿಳಿಸಿರಿ. ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಡಲು ನಾವು ಬಿಡಬಾರದು.